ಅಡುಗೆ ಪುಟಕ್ಕೆ ಇನ್ನೂ ನಾಲ್ಕು ಸಾಲು ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯ ಅಡುಗೆ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಓದಿ ಬಿಡುವವನಲ್ಲ, ನೋಡಿಕೊಂಡು ಮಾಡುವವನು. ನಮ್ಮ ಮನೆಯಲ್ಲಿ ರಾತ್ರಿ ಅಡುಗೆ ನನ್ನದು. ಹೆಂಡತಿ ನರ್ಸ್, ಪಾಳಿಯ ಕೆಲಸ. ನಾನು ಕಚೇರಿಯಿಂದ ಬಂದು ಕೈಕಾಲು ತೊಳೆದು ಒಲೆ ಹಚ್ಚುತ್ತೇನೆ. ಅಪ್ಪನಿಗೆ ಬಿಪಿ ಇದೆ, ಉಪ್ಪು ಕಡಿಮೆ ಇರಬೇಕು. ಹಲ್ಲು ಹೋಗಿರುವುದರಿಂದ ಎಲ್ಲವೂ ಮೆತ್ತಗೂ ಇರಬೇಕು. ಮಗಳಿಗೆ ಖಾರ ಆಗುವುದಿಲ್ಲ. ಮಗ ಬೆಳೆಯುವ ಹುಡುಗ, ಎರಡು ತಟ್ಟೆ ಮುಗಿಸಿ ಇನ್ನೇನಿದೆ ಅಂತ ಕೇಳುತ್ತಾನೆ. ರಜೆಯ ದಿನ ಗೆಳೆಯರು ಮಕ್ಕಳ ಸಮೇತ ಬರುತ್ತಾರೆ. ಎಷ್ಟು ಜನ ಅನ್ನುವುದು ಅವರು ಬಂದ ಮೇಲೇ ಗೊತ್ತಾಗುವುದು.

ನಿಮ್ಮ ಪುಟದ ಅಡುಗೆಗಳು ರುಚಿಯಾಗಿರುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿಯೊಂದನ್ನೂ ಹೀಗೇ ಮಾಡಬೇಕು, ಇಷ್ಟೇ ಜನಕ್ಕೆ ಮಾಡಬೇಕು ಅನ್ನುವ ಹಾಗೆ ಬರೆದಿರುತ್ತಾರೆ. ಮನೆಯಲ್ಲಿ ಅದರಲ್ಲಿನ ಒಂದು ತರಕಾರಿ ಇಲ್ಲದಿದ್ದರೆ ಏನು ಹಾಕಬಹುದು? ನಾಲ್ಕು ಜನರ ಅಡುಗೆ ಹತ್ತು ಜನಕ್ಕೆ ಬೇಕಾದರೆ ಏನು ಬದಲಾಗುತ್ತದೆ? ಯಾವುದನ್ನು ಬೆಳಿಗ್ಗೆಯೇ ಮಾಡಿಡಬಹುದು? ಇವಕ್ಕೆ ಉತ್ತರ ಇರುವುದಿಲ್ಲ. ದಿನಾ ಅಡುಗೆ ಮಾಡುವವರಿಗೆ ಮುಖ್ಯವಾಗಿ ಬೇಕಾಗಿರುವುದು ಇದೇ ಅಲ್ವಾ? ಪ್ರತಿ ಅಡುಗೆಯ ಕೊನೆಗೆ ನಾಲ್ಕು ಸಾಲು ಸೇರಿಸಿ ಈ ಉತ್ತರಗಳನ್ನು ಕೊಡಿ ಎಂದು ಕೇಳುವುದಕ್ಕೇ ಈ ಪತ್ರ.

ಮೊದಲು ತರಕಾರಿಯ ವಿಷಯ. ಒಂದರ ಬದಲು ಇನ್ನೊಂದು ಹಾಕುವಾಗ ಹೆಸರು ನೋಡಿ ಪ್ರಯೋಜನವಿಲ್ಲ, ಬೇಯುವ ಹೊತ್ತು ನೋಡಬೇಕು. ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್ ನಿಧಾನವಾಗಿ ಬೇಯುವ ಗುಂಪು. ಬೀನ್ಸ್, ಹೂಕೋಸು ನಡುವಿನವು. ಬಟಾಣಿ, ಸೊಪ್ಪು ಕೊನೆಯ ಐದು ನಿಮಿಷದವು. ಒಂದೇ ಗುಂಪಿನೊಳಗೆ ಏನು ಬದಲಾಯಿಸಿದರೂ ಅಡುಗೆ ಕೆಡುವುದಿಲ್ಲ. ಕ್ಯಾರೆಟ್ ಇರಬೇಕಾದ ಜಾಗದಲ್ಲಿ ಸೊಪ್ಪು ಹಾಕಿ ಅಷ್ಟೇ ಹೊತ್ತು ಬೇಯಿಸಿದರೆ ಮಾತ್ರ ಕರಗಿ ಹೋಗುತ್ತದೆ. ಹೋಳಿನ ಗಾತ್ರವೂ ಅಷ್ಟೇ ಮುಖ್ಯ. ಗಟ್ಟಿ ತರಕಾರಿಯನ್ನು ಸಣ್ಣಗೆ, ಮೆತ್ತನೆಯದನ್ನು ದಪ್ಪಗೆ ಹೆಚ್ಚಿಕೊಂಡರೆ ಎರಡೂ ಒಟ್ಟಿಗೆ ಬೇಯುತ್ತವೆ. 'ಕ್ಯಾರೆಟ್ ಅಥವಾ ಅಷ್ಟೇ ಗಟ್ಟಿಯಾದ ಬೇರೆ ತರಕಾರಿ' ಎಂದು ಬರೆದರೆ ಸಾಕು, ಓದುವವರಿಗೆ ಧೈರ್ಯ ಬರುತ್ತದೆ.

ಇನ್ನು ಕೆಲವು ವಿಷಯಗಳಲ್ಲಿ ಬದಲಾವಣೆಗೆ ಜಾಗವೇ ಇಲ್ಲ. ಅದನ್ನೂ ಸ್ಪಷ್ಟವಾಗಿ ಹೇಳಬೇಕು. ಒಣ ಕಾಳು ಬೇಯುವ ಮೊದಲೇ ಟೊಮೆಟೊ ಅಥವಾ ಬೇರೆ ಹುಳಿ ಸೇರಿಸಿದರೆ ಕಾಳು ಬೇಗ ಮೆತ್ತಗಾಗುವುದಿಲ್ಲ. ಹುಳಿಯಲ್ಲಿ ಕಾಳಿನ ಜೀವಕೋಶಗಳ ಗೋಡೆ ಗಟ್ಟಿಯಾಗಿಯೇ ಉಳಿಯುತ್ತದೆ. ಕಾಳು ಬೆರಳಲ್ಲಿ ಹಿಸುಕುವಷ್ಟು ಬೆಂದ ಮೇಲೆ ಹುಳಿ ಹಾಕಬೇಕು. ರಾಜ್ಮಾದ ವಿಷಯ ಇನ್ನೂ ಗಂಭೀರ. ಅದರಲ್ಲಿ ಸಹಜವಾಗಿಯೇ ಒಂದು ವಿಷದ ಅಂಶವಿದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿದರೆ ಅದು ನಾಶವಾಗುತ್ತದೆ. ಆಮೇಲೆ ಪೂರ್ತಿ ಮೆತ್ತಗಾಗುವವರೆಗೆ ಬೇಯಿಸಬೇಕು. ಸಣ್ಣ ಉರಿಯಲ್ಲಿ, ನೀರು ಕುದಿಯದ ಹಾಗೆ ಗಂಟೆಗಟ್ಟಲೆ ಇಟ್ಟರೆ ವಿಷ ಹೋಗುವುದಿಲ್ಲ, ವಾಂತಿ ಬೇಧಿ ಆಗುತ್ತದೆ. ಈಗ ಬಹಳ ಮನೆಗಳಲ್ಲಿ ತಾನೇ ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆಗಳಿವೆ. 'ರಾಜ್ಮಾ ಹಾಕಿ ಮರೆತುಬಿಡಿ' ಅನ್ನುವ ಸಲಹೆ ಎಲ್ಲೂ ಅಚ್ಚಾಗಬಾರದು.

ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಜನ ಜಾಸ್ತಿ ಆದಾಗಿನ ಲೆಕ್ಕ. 'ನಾಲ್ಕು ಜನಕ್ಕೆ' ಎಂದು ಬರೆದಿರುವುದನ್ನು ಓದುವವರು ಹನ್ನೆರಡು ಜನಕ್ಕೆ ಮಾಡುವಾಗ ಎಲ್ಲವನ್ನೂ ಮೂರರಿಂದ ಗುಣಿಸುತ್ತಾರೆ. ಬೇರೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಲ್ಲವಲ್ಲ.

ಅನ್ನವನ್ನೇ ತೆಗೆದುಕೊಳ್ಳಿ. ಉದುರಾದ ಬಿಳಿ ಅನ್ನಕ್ಕೆ 1 ಕಪ್ ಅಕ್ಕಿಗೆ 2 ಕಪ್ ನೀರು ಎಂದು ಎಲ್ಲ ಕಡೆ ಬರೆದಿರುತ್ತದೆ. ಆ ಅಕ್ಕಿ ಹೀರಿಕೊಳ್ಳುವುದು ಹೆಚ್ಚು ಕಡಿಮೆ ತನ್ನಷ್ಟೇ ಅಳತೆಯ ನೀರನ್ನು. ಉಳಿದದ್ದು ಆವಿಯಾಗಿ ಹೋಗುತ್ತದೆ. ಆವಿಯಾಗುವ ನೀರು ಅಕ್ಕಿಯ ಪ್ರಮಾಣವನ್ನು ನೋಡುವುದಿಲ್ಲ. ಪಾತ್ರೆಯ ಬಾಯಿ ಎಷ್ಟು ಅಗಲ, ಮುಚ್ಚಳ ಎಷ್ಟು ಬಿಗಿ, ಎಷ್ಟು ಹೊತ್ತು ಕುದಿಯಿತು ಅನ್ನುವುದರ ಮೇಲೆ ಅದು ನಿಂತಿದೆ. ಹಾಗಾಗಿ 4 ಕಪ್ ಅಕ್ಕಿಗೆ 8 ಕಪ್ ನೀರು ಹಾಕಿದರೆ ಮುದ್ದೆಯಾಗುವ ಸಂಭವ ಹೆಚ್ಚು. ಮುಚ್ಚಳ ಸರಿಯಾಗಿ ಕೂರುವ ಪಾತ್ರೆಯಾದರೆ 5ರಿಂದ 6 ಕಪ್ ಸಾಕು. ನಮ್ಮ ಪಕ್ಕದ ಮನೆಯವರು ನೆಂಟರಿಗೆಂದು ಮಾಡಿದ ತರಕಾರಿ ಅನ್ನ ಹೀಗೇ ಮುದ್ದೆಯಾಯಿತು. ಪಾಪ, ಆ ಹೆಣ್ಣುಮಗಳು ಊಟ ಮುಗಿಯುವವರೆಗೂ ಎಲ್ಲರ ಹತ್ತಿರ ಕ್ಷಮೆ ಕೇಳುತ್ತಲೇ ಇದ್ದಳು. ಅವಳ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ಅವಳು ನೋಡಿದ ಬರಹದಲ್ಲಿ ಒಂದು ಸಾಲು ಇರಲಿಲ್ಲ, ಅಷ್ಟೇ.

ಹುರಿಯುವಾಗಲೂ ಇದೇ ಕಥೆ. ಈರುಳ್ಳಿಯಲ್ಲಿ ನೀರು ಇರುವವರೆಗೆ ಬಾಣಲೆಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಂದು ಬಣ್ಣ, ಆ ಘಮ ಬರಬೇಕಾದರೆ ಸುಮಾರು 140 ಡಿಗ್ರಿ ದಾಟಬೇಕು. ಎರಡು ಈರುಳ್ಳಿಯ ಬಾಣಲೆಗೆ ಎಂಟು ಈರುಳ್ಳಿ ತುರುಕಿದರೆ ಅವು ಹುರಿಯುವ ಬದಲು ತಮ್ಮ ನೀರಿನಲ್ಲೇ ಬೇಯುತ್ತಾ ಕೂರುತ್ತವೆ. ಅಗಲವಾದ ಪಾತ್ರೆ ಬೇಕು, ಇಲ್ಲವೇ ಎರಡು ಸಲ ಹುರಿಯಬೇಕು. 'ಈರುಳ್ಳಿ ಕಂದು ಬರುವವರೆಗೆ, 5 ನಿಮಿಷ' ಎಂದು ಬರೆಯುವುದನ್ನೂ ದಯವಿಟ್ಟು ನಿಲ್ಲಿಸಿ. ಐದು ನಿಮಿಷದಲ್ಲಿ ಈರುಳ್ಳಿ ಬಾಡುತ್ತದೆ. ಚೆನ್ನಾಗಿ ಕಂದು ಬರಲು ಅರ್ಧ ಗಂಟೆಯಾದರೂ ಬೇಕು. ನಿಮ್ಮ ಮಾತು ನಂಬಿ ಉರಿ ಏರಿಸಿದವರ ಈರುಳ್ಳಿ ಅಂಚಿನಲ್ಲಿ ಸೀದು ನಡುವೆ ಹಸಿಯಾಗಿಯೇ ಉಳಿಯುತ್ತದೆ.

ಸಾರಿನಂಥ ನೀರಿನ ಅಡುಗೆ ಎರಡರಷ್ಟಾದರೆ ಅದೇ ಒಲೆಯಲ್ಲಿ ಕುದಿ ಬರಲು ಹೆಚ್ಚು ಕಡಿಮೆ ಎರಡರಷ್ಟು ಹೊತ್ತು ಬೇಕು. ಕುದಿ ಬಂದ ಮೇಲೆ ಮಾತ್ರ ತರಕಾರಿ ಮೊದಲಿನಷ್ಟೇ ಹೊತ್ತಿಗೆ ಬೇಯುತ್ತದೆ, ಏಕೆಂದರೆ ಹೋಳಿನ ಗಾತ್ರ ಬದಲಾಗಿಲ್ಲ. ಮಂದಗೊಳಿಸಬೇಕಾದ ಅಡುಗೆಯಾದರೆ ಮತ್ತೆ ಹೊತ್ತು ಜಾಸ್ತಿ ಬೇಕು. ಖಾರದ ಪುಡಿ ಮತ್ತು ಉಪ್ಪನ್ನು ಲೆಕ್ಕದಲ್ಲಿ ಬರುವುದಕ್ಕಿಂತ ಕಡಿಮೆ ಹಾಕಿ, ರುಚಿ ನೋಡಿ ಆಮೇಲೆ ಸೇರಿಸುವುದು ಒಳ್ಳೆಯದು. ಅಡುಗೆ ಮಂದವಾದಷ್ಟೂ ಉಪ್ಪು ಎದ್ದು ಕಾಣುತ್ತದೆ. ನೀರು ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಉಪ್ಪು ಜಾಸ್ತಿಯಾದರೆ ಆಲೂಗಡ್ಡೆ ಹಾಕಿ ತೆಗೆಯಿರಿ ಅನ್ನುವ ಸಲಹೆ ಪದೇ ಪದೇ ಬರುತ್ತದೆ. ಆಲೂಗಡ್ಡೆ ಉಪ್ಪನ್ನು ಆರಿಸಿ ಎಳೆದುಕೊಳ್ಳುವುದಿಲ್ಲ. ಉಪ್ಪುನೀರನ್ನು ಒಂದಿಷ್ಟು ಹೀರಿಕೊಳ್ಳುತ್ತದೆ, ಉಳಿದ ನೀರು ಅಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದ ನೀರು, ಬೆಂದ ಬೇಳೆ, ತರಕಾರಿ ಸೇರಿಸಿ ಅಡುಗೆಯನ್ನೇ ಹೆಚ್ಚಿಸುವುದು ಸರಿಯಾದ ದಾರಿ.

ಅಳತೆಯ ವಿಷಯಕ್ಕೆ ಬಂದರೆ, 'ಒಂದು ಕಪ್' ಅಂದರೆ ಯಾರ ಮನೆಯ ಕಪ್? ಕೆಲವು ದೇಶಗಳ ಪುಸ್ತಕಗಳಲ್ಲಿ ಕಪ್ ಅಂದರೆ 240 ಮಿ.ಲೀ., ಇನ್ನು ಕೆಲವರಿಗೆ 250. ಮನೆಯ ಟೀ ಕಪ್ ಇದರ ಅರ್ಧವೂ ಇರಬಹುದು. ಟೀ ಚಮಚ 5 ಮಿ.ಲೀ., ದೊಡ್ಡ ಚಮಚ 15 ಮಿ.ಲೀ. ಅನ್ನುವುದನ್ನು ಪುಟದ ಮೂಲೆಯಲ್ಲಿ ಪ್ರತಿ ವಾರ ಹಾಕಿ. ಹಿಟ್ಟು, ಅಕ್ಕಿ, ಕಾಳಿಗೆ ಗ್ರಾಂ ಕೊಡಿ. ಉಪ್ಪು ಪುಡಿಯೋ ಹರಳೋ ಅನ್ನುವುದನ್ನೂ ಬರೆಯಿರಿ. ಒಂದು ಚಮಚ ಹರಳುಪ್ಪಿಗಿಂತ ಒಂದು ಚಮಚ ಪುಡಿ ಉಪ್ಪಿನ ತೂಕ ಜಾಸ್ತಿ.

ಉಪ್ಪಿನ ಮಾತು ನನಗೆ ಹತ್ತಿರದ್ದು. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಇಡೀ ದಿನಕ್ಕೆ ಒಂದು ಟೀ ಚಮಚವೂ ಇಲ್ಲ. ಅಪ್ಪನಿಗೆ ಬೇರೆ ಅಡುಗೆ ಮಾಡಿ ಮುಂದಿಟ್ಟರೆ ಅವರು ಅರ್ಧಕ್ಕೇ ಏಳುತ್ತಾರೆ. ಎಲ್ಲರ ಜೊತೆ ಅದೇ ಪಾತ್ರೆಯಿಂದ ಬಡಿಸಿದರೆ ಖುಷಿಯಿಂದ ಉಣ್ಣುತ್ತಾರೆ. ಅದಕ್ಕೇ ನಾನು ಪಾತ್ರೆಯಲ್ಲಿ ಉಪ್ಪು, ಖಾರ ಎರಡನ್ನೂ ಕಡಿಮೆಯೇ ಇಡುತ್ತೇನೆ. ಅಪ್ಪ ಮತ್ತು ಮಗಳ ಪಾಲನ್ನು ಬಡಿಸಿದ ಮೇಲೆ ಉಳಿದದ್ದಕ್ಕೆ ಬೇಕಾದ್ದು ಸೇರಿಸುತ್ತೇನೆ. ಅಪ್ಪನ ಪಾಲಿಗೆ ನಿಂಬೆರಸ, ಹೆಚ್ಚಿದ ಸೊಪ್ಪು, ಹುರಿದ ಬೆಳ್ಳುಳ್ಳಿ. ಹುಳಿ ಮತ್ತು ಘಮ ಇದ್ದರೆ ಉಪ್ಪು ಕಡಿಮೆಯಾದದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಮಗ ಮೇಲೆ ಬೇಯಿಸಿದ ಮೊಟ್ಟೆ ಇಟ್ಟುಕೊಳ್ಳುತ್ತಾನೆ. ಒಂದೇ ಅಡುಗೆ, ಎಲ್ಲರೂ ಒಟ್ಟಿಗೆ ಕೂರುತ್ತೇವೆ. ನನಗೆ ಇದಕ್ಕಿಂತ ದೊಡ್ಡ ಸಂತೋಷ ಅಡುಗೆಮನೆಯಲ್ಲಿ ಬೇರೆ ಇಲ್ಲ. ಯಾವ ಹಂತದಲ್ಲಿ ಸ್ವಲ್ಪ ತೆಗೆದಿಡಬಹುದು ಅನ್ನುವುದನ್ನು ನೀವು ಬರೆದರೆ ಇಂಥ ಮನೆಗಳಿಗೆಲ್ಲ ಅನುಕೂಲ.

ಗೆಳೆಯರು ಬಂದಾಗ ಇನ್ನೊಂದು ಎಚ್ಚರ ಬೇಕು. ಕಡಲೆಕಾಯಿ, ಎಳ್ಳು, ಹಾಲು, ಮೊಟ್ಟೆ, ಗೋಧಿ ಕೆಲವರಿಗೆ ಆಗುವುದಿಲ್ಲ. ಕಡಲೆಕಾಯಿ ಅಲರ್ಜಿ ಇರುವ ಮಗುವಿಗೆ ಒಂದು ಚೂರೂ ಅಪಾಯ. ಇವನ್ನು ಪಾತ್ರೆಗೆ ಬೆರೆಸದೆ ಬೇರೆ ಬಟ್ಟಲಲ್ಲಿ, ಬೇರೆ ಚಮಚದೊಂದಿಗೆ ಇಡಬಹುದಾದ ಅಡುಗೆ ಯಾವುದು ಅನ್ನುವುದನ್ನು ಬರೆಯುವವರೇ ಸೂಚಿಸಬೇಕು.

ಉಳಿದ ಅಡುಗೆಯ ಬಗ್ಗೆ ನಿಮ್ಮ ಪುಟ ಮಾತೇ ಆಡುವುದಿಲ್ಲ. ಹತ್ತು ಜನಕ್ಕೆ ಮಾಡಿದ ಮೇಲೆ ಉಳಿಯದೆ ಇರುತ್ತದೆಯೇ? ಅನ್ನದಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಬದುಕಿ ಉಳಿಯುತ್ತವೆ. ಅನ್ನ ಹೊರಗೇ ಗಂಟೆಗಟ್ಟಲೆ ಇದ್ದರೆ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ, ಬೇಗ ಆರಿಸಿ, ಸಾಧ್ಯವಾದರೆ ಒಂದು ಗಂಟೆಯೊಳಗೆ ಫ್ರಿಜ್‌ಗೆ ಇಡಬೇಕು. ಫ್ರಿಜ್ 5 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರಬೇಕು. ದೊಡ್ಡ ಪಾತ್ರೆಯ ಸಾರನ್ನು ಹಾಗೇ ಇಟ್ಟರೆ ನಡುಭಾಗ ಬಹಳ ಹೊತ್ತು ಬೆಚ್ಚಗೇ ಇರುತ್ತದೆ, ಚಿಕ್ಕ ಡಬ್ಬಿಗಳಿಗೆ ಹಂಚಿ ಇಡಬೇಕು. ಇದನ್ನು ನನಗೆ ಹೇಳಿಕೊಟ್ಟದ್ದು ನನ್ನ ಹೆಂಡತಿ. ಪ್ರತಿ ಮನೆಯಲ್ಲೂ ನರ್ಸ್ ಇರುವುದಿಲ್ಲ, ಪತ್ರಿಕೆ ಇರುತ್ತದೆ.

'ಅಡುಗೆ ಕೈಯಳತೆಯಿಂದ ಬರುತ್ತದೆ, ಇಷ್ಟೆಲ್ಲ ಬರೆಯಬೇಕೇ?' ಎಂದು ಹಿರಿಯರು ಕೇಳಬಹುದು. ಅಮ್ಮನ ಪಕ್ಕದಲ್ಲಿ ನಿಂತು ಕಲಿತವರಿಗೆ ಬೇಡ, ನಿಜ. ಓದಲು, ಕೆಲಸಕ್ಕೆ ಎಂದು ಮನೆ ಬಿಟ್ಟ ಹುಡುಗ ಹುಡುಗಿಯರ ಪಕ್ಕದಲ್ಲಿ ಯಾರು ನಿಂತಿರುತ್ತಾರೆ? ಅವರು ಒಂದು ಸಲ ಕೆಟ್ಟ ಅಡುಗೆ ಉಂಡು ಇದು ನಮ್ಮಿಂದಾಗದು ಎಂದು ಕೈಬಿಡುತ್ತಾರೆ. ಅದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಪುಟದಲ್ಲಿ ಜಾಗವಿಲ್ಲ ಎಂದರೆ ಚಿತ್ರವನ್ನು ಒಂದಿಷ್ಟು ಚಿಕ್ಕದು ಮಾಡಿ. ಹಬ್ಬದೂಟದಂಥ ದೊಡ್ಡ ಅಡುಗೆ ತಿಂಗಳಿಗೆ ಒಂದು ಸಾಕು, ಉಳಿದ ವಾರಗಳಲ್ಲಿ ಒಂದೇ ಪಾತ್ರೆಯಲ್ಲಿ ಮುಗಿಯುವ, ಹಿಗ್ಗಿಸಲು ಕುಗ್ಗಿಸಲು ಬರುವ ಅಡುಗೆ ಕೊಡಿ. ಮೊದಲ ವಾರಕ್ಕೆ ಒಂದು ಸಲಹೆ: ಒಂದರಿಂದ ಆರು ಕಪ್‌ವರೆಗಿನ ಅಕ್ಕಿಗೆ ಎಷ್ಟೆಷ್ಟು ನೀರು ಅನ್ನುವುದನ್ನು ನಿಮ್ಮ ಲೇಖಕರು ಮಾಡಿ ನೋಡಿ, ಪಾತ್ರೆಯ ಅಗಲವನ್ನೂ ಬರೆದು ಪ್ರಕಟಿಸಲಿ. ನಾನು ಅದನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸುತ್ತೇನೆ, ಪಕ್ಕದ ಮನೆಗೂ ಒಂದು ಪ್ರತಿ ಕೊಡುತ್ತೇನೆ.

ಇತಿ,
ನಿಮ್ಮ ಖಾಯಂ ಓದುಗ