ಆ ಒಂದು ಸಾಲಿಗೆ ಉತ್ತರ

ರಾಯಚೂರು

ಚಿ. ರೇಣುಕಾಳಿಗೆ ಅತ್ತೆಯ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ಫೋನಿನಲ್ಲಿ ಆಗಿದೆ, ಅದನ್ನೇ ಮತ್ತೆ ಬರೆಯುವುದಿಲ್ಲ. ಸಿಯುಇಟಿಗೆ, ಅಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಗೆ, ಓದುತ್ತಿರುವ ನೀನು ಕಾಗದದ ಕೊನೆಯಲ್ಲಿ, ಜಾಗ ಸಾಲದೆ ಅಂಚಿಗೆ ಬರೆದಿದ್ದೀಯಲ್ಲ, "ರಾತ್ರಿ ಓದಿದ ಇಂಗ್ಲಿಷ್ ಪದ ಬೆಳಿಗ್ಗೆ ಇರುವುದಿಲ್ಲ, ನನ್ನ ತಲೆಯಲ್ಲೇ ಏನೋ ಕೊರತೆ ಇರಬೇಕು" ಎಂದು, ಅದರ ಸಲುವಾಗಿ ಈ ಪತ್ರ. ಓದಿ ಸಿಟ್ಟೇ ಬಂದಿತು. ನಿನ್ನ ಮೇಲೆ ಅಲ್ಲ ತಾಯಿ.

ಕೊರತೆ ಇದೆಯೆಂದು ನಿನಗೆ ಹೇಳಿದವರು ಯಾರು? ಇಂಥ ಮಾತು ಯಾರೂ ಹೇಳದೆ ತಾನಾಗಿ ಹೊಳೆಯುವುದಿಲ್ಲ. ನನಗೆ ನರ್ಸಿಂಗ್ ತರಬೇತಿಯಲ್ಲಿ ಹೇಳಿದವರಿದ್ದರು. ಕನ್ನಡ ಶಾಲೆಯಿಂದ ನೇರವಾಗಿ ಹೋದವಳು ನಾನು. ಅಲ್ಲಿ ಪುಸ್ತಕ, ಪಾಠ, ಪರೀಕ್ಷೆ ಎಲ್ಲವೂ ಇಂಗ್ಲಿಷ್. ಪಾಠ ಹೇಳುವವರೊಬ್ಬರು ತರಗತಿಯ ಎದುರು ನಿಲ್ಲಿಸಿ, ಈಕೆಯ ತಲೆಗೆ ಹಾಕಿದ್ದೆಲ್ಲ ಸೋರಿಹೋಗುತ್ತದೆ ಎಂದರು. ಎಲ್ಲರೂ ನಕ್ಕರು. ಅವರು ಆ ಮಾತನ್ನು ಸಂಜೆಗೇ ಮರೆತಿರಬೇಕು. ನಾನು ನಿವೃತ್ತಿಯವರೆಗೆ ಹೊತ್ತು ತಿರುಗಿದೆ. ಮುಂದೆ ಓದಲು ಅವಕಾಶವಿದೆಯೆಂಬ ಸುತ್ತೋಲೆ ಬಂದಾಗಲೆಲ್ಲ ಜೊತೆಯವರು ಅರ್ಜಿ ತರಲು ಹೋಗುತ್ತಿದ್ದರು, ನಾನು ರಾತ್ರಿ ಪಾಳಿ ಕೇಳಿ ಪಡೆಯುತ್ತಿದ್ದೆ. ಪಾಳಿ ಮುಗಿಸಿ ಬಂದವಳನ್ನು ಯಾರೂ ಏನೂ ಕೇಳುವುದಿಲ್ಲ ನೋಡು. ಇದನ್ನು ನಿನ್ನಪ್ಪನಿಗೂ ಹೇಳಿಲ್ಲ.

ಸೋಜಿಗವೆಂದರೆ, ತರಗತಿಯಲ್ಲಿ ನಿಲ್ಲದ ಪದಗಳೇ ವಾರ್ಡಿನಲ್ಲಿ ಗಟ್ಟಿಯಾಗಿ ಕುಳಿತವು. ಪಾಳಿ ಬದಲಾಗುವಾಗ ಒಬ್ಬೊಬ್ಬ ರೋಗಿಯ ಸ್ಥಿತಿಯನ್ನೂ ಬರೆದು ಒಪ್ಪಿಸಬೇಕು: ಸ್ಟೇಬಲ್, ಕ್ರಿಟಿಕಲ್, ಡ್ರೌಸಿ, ಡಿಹೈಡ್ರೇಟೆಡ್. ಅಕ್ಯೂಟ್, ಕ್ರಾನಿಕ್ ಎಂಬ ಎರಡು ಮಾತ್ರ ನನಗೆ ಸದಾ ಅದಲುಬದಲು. ಒಮ್ಮೆ ಬೇಸಿಗೆ ಭತ್ತದ ಕೊಯ್ಲಿಗೆ ಹೋಗಿದ್ದ ಹೆಂಗಸನ್ನು ವಾಂತಿಭೇದಿಯೆಂದು ಎತ್ತಿಕೊಂಡು ಬಂದರು. ಸಲೈನ್ ಏರಿಸಿದ ಮೇಲೆ ಮರುದಿನ ಎದ್ದು ಕುಳಿತು ಮನೆಗೆ ಕಳಿಸಿ ಎಂದಳು. ಪಕ್ಕದ ಮಂಚದ ಮುದುಕ ವರ್ಷಗಳಿಂದ ಅದೇ ಕೆಮ್ಮು ಹೊತ್ತು ಮತ್ತೆ ಮತ್ತೆ ಬರುತ್ತಿದ್ದ. ತಟ್ಟನೆ ಬಂದದ್ದು ಅಕ್ಯೂಟ್, ವರ್ಷಗಟ್ಟಲೆ ಉಳಿದದ್ದು ಕ್ರಾನಿಕ್. ಆ ಇಬ್ಬರನ್ನು ನೋಡಿದ ಮೇಲೆ ಆ ಪದಗಳು ಕಲಸಿಹೋಗಲಿಲ್ಲ. ತಲೆ ಅದೇ ಇತ್ತಲ್ಲ, ರೇಣುಕಾ?

ನೀನು ಬರೆದು ಕಳಿಸಿದ ಪಟ್ಟಿ ನೋಡಿದೆ. ಡಾರ್ಮೆಂಟ್, ಸ್ಟ್ಯಾಗ್ನೆಂಟ್, ಇನರ್ಟ್ ಮೂರೂ ಒಂದೇ ಪುಟದಲ್ಲಿವೆ. ಮೂರೂ ಅಲುಗಾಡದೆ ಇರುವ ಸ್ಥಿತಿಗಳೇ. ಒಂದೇ ರಾತ್ರಿ ಓದಿದರೆ ಕಲಸದೆ ಇನ್ನೇನಾಗುತ್ತದೆ? ಬೇರೆ ಬೇರೆ ದಿನಕ್ಕೆ ಹಂಚಿಕೊಂಡು ನೋಡು. ಕಾಲುವೆಯ ತುದಿಯಲ್ಲಿ ಹರಿಯದೆ ನಿಂತು ನಾರುವ ನೀರು ಸ್ಟ್ಯಾಗ್ನೆಂಟ್. ಮಳೆ ಬರುವವರೆಗೆ ಮಣ್ಣಿನೊಳಗೆ ಸುಮ್ಮನಿರುವ ಬೀಜ ಡಾರ್ಮೆಂಟ್. ಬೇರೆ ವಸ್ತುವಿನ ಜೊತೆ ಸುಲಭವಾಗಿ ಪ್ರತಿಕ್ರಿಯಿಸದ್ದು ಇನರ್ಟ್, ಅದಕ್ಕೆ ನಿನ್ನ ರಸಾಯನಶಾಸ್ತ್ರದ ಪುಸ್ತಕವೇ ಇದೆ, ನಾನು ಹೆಚ್ಚು ಹೇಳಬೇಕಿಲ್ಲ.

ಮರೆವಿನ ಮಾತು ಇನ್ನೊಂದು ಹೇಳಿಬಿಡುತ್ತೇನೆ. ತರಬೇತಿಯಲ್ಲಿ ಮನಶ್ಶಾಸ್ತ್ರವೂ ಇತ್ತು. ಹರ್ಮನ್ ಎಬಿಂಗ್‌ಹಾಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ತನ್ನ ಮೇಲೆಯೇ ಪರೀಕ್ಷಿಸಿ 1885ರಲ್ಲಿ ಪುಸ್ತಕ ಬರೆದ. ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು, ಒಂದು ದಿನಕ್ಕೆ ಮೂರರಲ್ಲಿ ಸುಮಾರು ಎರಡು ಪಾಲು ಹೋಗಿತ್ತು. ಅಷ್ಟು ದೊಡ್ಡ ಪಂಡಿತನದೇ ಈ ಗತಿ. ಆದರೆ ಮರೆತದ್ದನ್ನು ಮತ್ತೆ ಕಲಿಯಲು ಅವನಿಗೆ ಮೊದಲಿನಷ್ಟು ಹೊತ್ತು ಬೇಕಾಗಲಿಲ್ಲ. ಇದನ್ನು ಓದಿ ಅಂಕ ಪಡೆದವಳು ನಾನೇ, ನನಗೆ ಅನ್ವಯಿಸುತ್ತದೆಂದು ಮಾತ್ರ ಹೊಳೆಯಲಿಲ್ಲ. ಹಾಗಾಗಿ ಬೆಳಿಗ್ಗೆ ಪದ ನೆನಪಿಗೆ ಬಾರದಿದ್ದರೆ ಅಳಬೇಡ, ಇನ್ನೊಮ್ಮೆ ನೋಡು. ಎರಡು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೆ. ಅರ್ಥ ಮುಚ್ಚಿಟ್ಟು ಮೊದಲು ನೀನೇ ಹೇಳಲು ಪ್ರಯತ್ನಿಸು. ಈಗಾಗಲೇ ಹೀಗೇ ಮಾಡುತ್ತಿದ್ದರೆ ಮುದುಕಿಯ ಉಪದೇಶವೆಂದು ಬಿಟ್ಟುಬಿಡು.

ಸಿಯುಇಟಿ ನಿಯಮಗಳು ನನಗಿಂತ ನಿನಗೇ ಗೊತ್ತು. 2025ರಲ್ಲಿ ಒಂದೊಂದು ವಿಷಯಕ್ಕೆ 60 ನಿಮಿಷ, 50 ಪ್ರಶ್ನೆ, ಸರಿಯಾದರೆ 5 ಅಂಕ, ತಪ್ಪಾದರೆ 1 ಕಡಿತ ಎಂದು ಓದಿದೆ. ನಾಲ್ಕರಲ್ಲಿ ಎರಡು ಉತ್ತರ ಖಂಡಿತ ಅಲ್ಲವೆಂದು ತಿಳಿದರೆ ಉಳಿದ ಎರಡರಲ್ಲಿ ಒಂದನ್ನು ಧೈರ್ಯವಾಗಿ ಗುರುತು ಹಾಕು. ಇತರ ವಿಷಯಗಳನ್ನು ಕನ್ನಡದಲ್ಲೇ ಬರೆಯಬಹುದಲ್ಲ, ಅರ್ಜಿಯಲ್ಲಿ ಭಾಷೆ ಸರಿಯಾಗಿ ತುಂಬಿದ್ದೀಯಾ ನೋಡಿಕೋ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗಲಿ, ಸಿಗದಿರಲಿ, ಅದು ಆಮೇಲಿನ ಮಾತು. ಸಿಗದಿದ್ದರೂ ಆ ಸಾಲು ನಿಜವಾಗುವುದಿಲ್ಲ.

ರವಿವಾರ ಫೋನ್ ಮಾಡು. ಪದಗಳ ಅರ್ಥ ಕೇಳುವುದಿಲ್ಲ, ಆ ಮಾತು ಹೇಳಿದವರು ಯಾರೆಂದು ಕೇಳುತ್ತೇನೆ. ಈ ಕಾಗದ ನಿನ್ನಪ್ಪನ ಕೈಗೆ ಸಿಕ್ಕರೆ ಸಿಗಲಿ, ರಾತ್ರಿ ಪಾಳಿಯ ವಿಷಯ ಅವನಿಗೂ ತಿಳಿಯಲಿ.

ನಿನ್ನ ಅತ್ತೆ