ಊರಿನ ಹೆಸರು ತಿದ್ದಲು ಹೋಗಿ ಪಿನ್‌ಕೋಡ್ ಅಳಿಸಬೇಡಿ

ಮಾನ್ಯ ಸಂಪಾದಕರೇ,

ಹಳೆಯ ಕಂಪ್ಯೂಟರ್ ವ್ಯವಸ್ಥೆಗಳನ್ನೇ ಇಂದಿಗೂ ನೆಚ್ಚಿಕೊಂಡಿರುವ ಸಂಘ-ಸಂಸ್ಥೆಗಳು ತಮ್ಮ ಸದಸ್ಯರ ಹೆಸರು, ವಿಳಾಸಗಳನ್ನು ಕನ್ನಡದಲ್ಲೇ ಇಡಬೇಕೆಂಬ ಒತ್ತಾಯ ನ್ಯಾಯವಾದುದು. ಆದರೆ ದಾಖಲೆಯಲ್ಲಿ ಅಕ್ಷರ ಬದಲಿಸುವುದನ್ನು ಸಂಜೆ ಬಾಗಿಲು ಹಾಕುವ ಮೊದಲು ಮುಗಿಸಿಬಿಡಬಹುದಾದ ಚಿಲ್ಲರೆ ಕೆಲಸವೆಂದು ತಿಳಿದರೆ ಏನಾಗುತ್ತದೆ ಎಂಬುದನ್ನು ತುಮಕೂರಿನಲ್ಲೇ ಕಣ್ಣಾರೆ ಕಂಡವನು ನಾನು. ಅದನ್ನು ತಮ್ಮ ಪತ್ರಿಕೆಯ ಮೂಲಕ ಹೇಳಿಕೊಳ್ಳಬಯಸುತ್ತೇನೆ.

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಕನ್ನಡದಲ್ಲಿ ಎಂದಿನಿಂದಲೂ ತುಮಕೂರೇ ಆಗಿದ್ದ ನಮ್ಮ ಊರು ಇಂಗ್ಲಿಷ್ ಬರಹದಲ್ಲಿ Tumkur ಇದ್ದದ್ದು Tumakuru ಆಗಿ, ಆರು ಅಕ್ಷರಗಳಿಂದ ಎಂಟಕ್ಕೆ ಏರಿತು. ನಾನು ಆಗ ಪ್ರೋಗ್ರಾಮರ್ ಆಗಿದ್ದ ಸಂಸ್ಥೆಯಲ್ಲಿ ಇದ್ದದ್ದು ಎಎಸ್/400 ವಂಶದ ಯಂತ್ರ. 1988ರಲ್ಲಿ ಐಬಿಎಂ ಹೊರತಂದ ಈ ಮಿಡ್‌ರೇಂಜ್, ಅಂದರೆ ಮಧ್ಯಮ ಗಾತ್ರದ ಕಂಪ್ಯೂಟರ್ ಯಂತ್ರಗಳು ಇಂದಿಗೂ ಗಟ್ಟಿಮುಟ್ಟಾಗಿವೆ. ತಪ್ಪು ಯಂತ್ರದ್ದಾಗಿರಲಿಲ್ಲ, ಹೆಸರು ಬದಲಿಸಲು ನಾವು ಬರೆಸಿದ ಪ್ರೋಗ್ರಾಮಿನದು. ಪರೀಕ್ಷೆಯಲ್ಲಿ ಅದು ಒಂದು ತಪ್ಪನ್ನೂ ಮಾಡಲಿಲ್ಲ. ನಿಜವಾದ ದಾಖಲೆಗಳ ಮೇಲೆ ಓಡಿಸಿದ ಕೆಲವೇ ದಿನಗಳಲ್ಲಿ ಸದಸ್ಯರಿಗೆ ಕಳಿಸಿದ ನೋಟಿಸುಗಳು ಅಂಚೆಯಿಂದ ವಾಪಸ್ ಬರತೊಡಗಿದವು. ಲಕೋಟೆಯ ಮೇಲೆ 572101 ಇರಬೇಕಾದ ಕಡೆ ಬಿಡಿಬಿಡಿಯಾಗಿ ಮೂರು ಐದುಗಳು, '5 5 5' ಎಂದು ಅಚ್ಚಾಗಿದ್ದವು.

ಕಾರಣ ಹುಡುಕಲು ನನಗೆ ಎರಡು ದಿನ ಹಿಡಿಯಿತು. ಈ ಯಂತ್ರಗಳು ಅಕ್ಷರಗಳನ್ನು ಎಬ್ಸಿಡಿಕ್ ಎಂಬ ಸಂಕೇತ ಪದ್ಧತಿಯಲ್ಲಿ ಇಟ್ಟುಕೊಳ್ಳುತ್ತವೆ. ಹೆಕ್ಸ್ ರೂಪದಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ ಬರೆದರೆ, ಅದರಲ್ಲಿ ಖಾಲಿ ಜಾಗದ ಸಂಕೇತ 40, ಅಂಕಿ ಐದರ ಸಂಕೇತ ಎಫ್5, ಏಳರದು ಎಫ್7. ತಪ್ಪು ಹುಡುಕುವ ಡೀಬಗ್ ಸಾಧನವನ್ನು ಚಾಲೂ ಮಾಡಿ, ಮತ್ತೆ ಮತ್ತೆ ನಡೆಯುವ ಲೂಪಿನ ಪ್ರತಿ ಸುತ್ತಿನಲ್ಲೂ ಪ್ರೋಗ್ರಾಮನ್ನು ನಿಲ್ಲಿಸಿ, ವಿಳಾಸದ ಫೀಲ್ಡನ್ನು (ದಾಖಲೆಯಲ್ಲಿ ಅದಕ್ಕೆಂದು ಮೀಸಲಿಟ್ಟ ಜಾಗವನ್ನು) ಹೆಕ್ಸ್ ರೂಪದಲ್ಲಿ ನೋಡುತ್ತಾ ಹೋದೆ. ಊರಿನ ಹೆಸರಿಗೆ ಎರಡು ಅಕ್ಷರ ಹೆಚ್ಚಾದ್ದರಿಂದ ಅದರ ಹಿಂದಿದ್ದ ಖಾಲಿ ಜಾಗ ಮತ್ತು ಪಿನ್‌ಕೋಡ್ ಎರಡು ಸ್ಥಾನ ಬಲಕ್ಕೆ ಸರಿಯಬೇಕಿತ್ತು. ಪ್ರೋಗ್ರಾಂ ಅವನ್ನು ಎಡದಿಂದ ಬಲಕ್ಕೆ ಒಂದೊಂದೇ ಬೈಟ್‌ನಂತೆ (ಇಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್ ಜಾಗ) ನಕಲು ಮಾಡುತ್ತಿತ್ತು. ಮೊದಲ ಸುತ್ತಿನಲ್ಲಿ ಖಾಲಿ ಜಾಗ ಹೋಗಿ ಏಳರ ಮೇಲೆ ಕೂತಿತು, ಎರಡನೆಯದರಲ್ಲಿ ಐದು ಹೋಗಿ ಎರಡರ ಮೇಲೆ ಕೂತಿತು. ಮೂರನೆಯ ಸುತ್ತಿನಲ್ಲಿ ಏಳನ್ನು ಎತ್ತಿಕೊಳ್ಳಲು ಹೋದರೆ ಅಲ್ಲಿ ಏಳೇ ಇರಲಿಲ್ಲ. ಹೀಗೆ 40, ಎಫ್5, 40, ಎಫ್5 ಎಂದು ಅವೆರಡೇ ಸಾಲಿನ ಕೊನೆಯವರೆಗೆ ಮರುಕಳಿಸಿದ್ದವು.

ಪರೀಕ್ಷೆಯಲ್ಲಿ ಇದು ಕಾಣದೇ ಹೋದದ್ದೇಕೆ ಎಂಬುದನ್ನು ತಿಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಪರೀಕ್ಷೆಗೆಂದು ನಾವು ಟೈಪ್ ಮಾಡಿಕೊಂಡಿದ್ದ ವಿಳಾಸಗಳೆಲ್ಲ ಊರಿನ ಹೆಸರಿಗೇ ಮುಗಿಯುತ್ತಿದ್ದವು, ಹಿಂದೆ ಉಳಿದದ್ದು ಬರೀ ಖಾಲಿ ಜಾಗ. ಖಾಲಿಯ ಮೇಲೆ ಖಾಲಿ ಕೂತರೆ ಯಾರಿಗೆ ತಾನೇ ಗೊತ್ತಾಗುತ್ತದೆ? ಪಿನ್‌ಕೋಡನ್ನು ಅದೇ ಸಾಲಿನಲ್ಲಿ ಬರೆದಿದ್ದವು ಹಳೆಯ ಶಾಖೆಗಳ ದಾಖಲೆಗಳು ಮಾತ್ರ.

ಬಲತುದಿಯಿಂದ ಹಿಂದಕ್ಕೆ ನಕಲು ಮಾಡಿದ್ದರೆ ಸಾಕಿತ್ತು. ಒಂದರ ಮೇಲೊಂದು ಹಾಯುವ ಬೈಟ್‌ಗಳನ್ನು ನಕಲು ಮಾಡಲು ಆ ಯಂತ್ರದ ಕೆಳಹಂತದ ಸೂಚನೆಗಳಲ್ಲಿ ಪ್ರತ್ಯೇಕ ಸೂಚನೆಯೇ ಇದೆ. ಆ ಯಂತ್ರದ ಕಾರ್ಯಾಚರಣ ವ್ಯವಸ್ಥೆಯ, 2010ರಲ್ಲಿ ಬಂದ 7.1 ಆವೃತ್ತಿಯ ನಂತರ ಅದರಲ್ಲಿ ಪ್ರೋಗ್ರಾಂ ಬರೆಯುವ ಆರ್‌ಪಿಜಿ ಭಾಷೆಯಲ್ಲಿ ಹುಡುಕಿ ಬದಲಿಸುವ ಸಿದ್ಧ ಫಂಕ್ಷನ್ ಕೂಡ ದೊರೆಯುತ್ತದೆ. ಆದರೆ ಅದನ್ನು ಬಳಸಿದರೂ ಉತ್ತರವನ್ನು ಅಳತೆ ಗೊತ್ತುಪಡಿಸಿದ ಫೀಲ್ಡಿಗೆ ಹಾಕುವಾಗ ಹಿಡಿಸದೆ ಉಳಿದ ಬೈಟ್‌ಗಳು ಸದ್ದಿಲ್ಲದೆ ಕತ್ತರಿಸಿಹೋಗುತ್ತವೆ. ಸಾಲು ತುಂಬಿದ್ದ ಕೆಲವು ವಿಳಾಸಗಳಲ್ಲಿ ಪಿನ್‌ಕೋಡಿನ ಕಡೆಯ ಎರಡು ಅಂಕಿ ಹೋಗಿಬಿಡುವ ಅಪಾಯವನ್ನು ನಾವು ಗಮನಿಸಿದ್ದು ಆಮೇಲೆ.

ಇಂಗ್ಲಿಷಿನ ಎರಡು ಅಕ್ಷರಕ್ಕೇ ಇಷ್ಟಾದರೆ ಕನ್ನಡ ಬರುವಾಗ ಎಷ್ಟು ಎಚ್ಚರ ಬೇಕೆಂದು ಯೋಚಿಸಬೇಕು. 'ತುಮಕೂರು' ಕಣ್ಣಿಗೆ ನಾಲ್ಕೇ ಅಕ್ಷರ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕೊಂಬು, ದೀರ್ಘ ಸೇರಿ ಏಳು ಸಂಕೇತ. ಆ ಸಂಕೇತಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಥ ಪ್ರತಿ ಸಂಕೇತಕ್ಕೆ ಮೂರರಂತೆ 21 ಬೈಟ್. ಊರಿಗೆಂದು 20 ಬೈಟ್ ಇಟ್ಟಿರುವ ಕಡತದಲ್ಲಿ ಕೊನೆಯ ಕೊಂಬು ಅರ್ಧ ಮುರಿದು ನಿಲ್ಲುತ್ತದೆ. ಕಡತ ಇಂಗ್ಲಿಷ್ ಎಬ್ಸಿಡಿಕ್‌ನದಾಗಿದ್ದರಂತೂ ತನಗೆ ಗುರುತಿಲ್ಲದ ಪ್ರತಿ ಸಂಕೇತದ ಜಾಗದಲ್ಲೂ ವ್ಯವಸ್ಥೆ ಸಾಮಾನ್ಯವಾಗಿ 3ಎಫ್ ಎಂಬ ಬದಲಿ ಸಂಕೇತವನ್ನು ಇಡುತ್ತದೆ. ತುಮಕೂರೂ 3ಎಫ್, ಕೋಲಾರವೂ 3ಎಫ್. ಒಮ್ಮೆ ಹಾಗೆ ಉಳಿಸಿಬಿಟ್ಟರೆ ಮೂಲ ಹೆಸರು ಯಾವುದಿತ್ತೆಂದು ಎಷ್ಟೇ ಜಾಣ ಪ್ರೋಗ್ರಾಮರ್ ಬಂದರೂ ಹೇಳಲಾರ.

ನಮ್ಮಲ್ಲಿ ಪ್ರೋಗ್ರಾಂ ಓಡಿಸುವ ಹಿಂದಿನ ರಾತ್ರಿಯ ಬ್ಯಾಕಪ್ ಟೇಪ್ ಇತ್ತು, ಪಿನ್‌ಕೋಡ್‌ಗಳು ಮರಳಿ ಸಿಕ್ಕವು. ಆ ಬಳಿಕ ಸೇರಿದ ಸದಸ್ಯರ ವಿಳಾಸಗಳನ್ನು ಮಾತ್ರ ಅರ್ಜಿಗಳ ಕಟ್ಟು ಬಿಚ್ಚಿ, ಒಂದೊಂದಾಗಿ ನೋಡಿ ಕೈಯಾರೆ ತುಂಬಬೇಕಾಯಿತು.

ಆದ್ದರಿಂದ ಇಂಥ ಕೆಲಸ ಕೈಗೆತ್ತಿಕೊಳ್ಳುವ ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟು: ಪರೀಕ್ಷೆಗೆ ಟೈಪ್ ಮಾಡಿಕೊಂಡ ವಿಳಾಸಗಳ ಬದಲು ನಿಜವಾದ ದಾಖಲೆಗಳ ಪ್ರತಿಯನ್ನೇ, ಅದರಲ್ಲೂ ಅತಿ ಉದ್ದದ ಸಾಲುಗಳನ್ನು, ಪ್ರೋಗ್ರಾಮರ್ ಕೈಗೆ ಕೊಡಿ. ಫೀಲ್ಡಿನ ಅಗಲವನ್ನು ಬೈಟ್‌ಗಳಲ್ಲಿ ಅಳೆಸಿ, ಕನ್ನಡಕ್ಕೆ ಯೂನಿಕೋಡ್ ಫೀಲ್ಡನ್ನೇ ಬೇರೆಯಾಗಿ ಮಾಡಿಸಿ. ಹಳೆಯ ಇಂಗ್ಲಿಷ್ ವಿಳಾಸದ ಫೀಲ್ಡನ್ನು, ಹೊಸ ವಿಳಾಸಕ್ಕೆ ಕಳಿಸಿದ ಕಾಗದ ಸದಸ್ಯರ ಕೈ ಸೇರಿತೆಂದು ಖಾತ್ರಿಯಾಗುವವರೆಗೆ ಅಳಿಸಬೇಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೋಗ್ರಾಮರ್, ತುಮಕೂರು