ಶಶಿ ಕಪೂರ್ ಬಗ್ಗೆ ಬರೆಯುತ್ತಿರುವ ಹುಡುಗನಿಗೆ

ಪ್ರೀತಿಯ ತಮ್ಮ,

ನಿನ್ನ ಹಸ್ತಪ್ರತಿ ಪೂರ್ತಿ ಓದಿದೆ. ಕಾಗುಣಿತ, ಪ್ಯಾರಾ ಇವೆಲ್ಲ ಆಮೇಲೆ ತಿದ್ದಿಕೊಳ್ಳಬಹುದು, ಬಿಡು. ನನ್ನ ತಕರಾರು ಒಂದೇ. ಮೊದಲ ಮೂರು ಪುಟ ಶಶಿಯ ಅಪ್ಪ ಪೃಥ್ವಿರಾಜ್, ಅಣ್ಣಂದಿರಾದ ರಾಜ್, ಶಮ್ಮಿ ಅಂತಲೇ ಕಳೆದು, ನಾಲ್ಕನೆಯದರಲ್ಲಿ 'ನಟನೆ ರಕ್ತದಲ್ಲೇ ಇತ್ತು' ಎಂದು ಕೈತೊಳೆದುಕೊಂಡಿದ್ದೀಯ. ಸಿನಿಮಾ ಪುರವಣಿಗಳು ವರ್ಷಗಟ್ಟಲೆ ಉಣಬಡಿಸಿದ್ದು ಇದನ್ನೇ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ರಕ್ತದ ಮಾತು ಬಂತೆಂದರೆ ದುಡಿಮೆ ಮರೆಯಾಗುತ್ತದೆ.

ಒಂದು ಹಾಳೆಗೆ ನಡುವೆ ಗೆರೆ ಎಳೆ. ಎಡಕ್ಕೆ ಸಂಭಾವನೆಗೆ ಮಾಡಿದ ಚಿತ್ರಗಳು: 'ದೀವಾರ್' 1975, 'ತ್ರಿಶೂಲ್' 1978, 'ಸುಹಾಗ್' 1979. ಬಲಕ್ಕೆ ತಾವೇ ನಿರ್ಮಿಸಿದವು: 'ಜುನೂನ್' 1978, 'ಕಲಿಯುಗ್' ಮತ್ತು '36 ಚೌರಂಗಿ ಲೇನ್' 1981, ನಮ್ಮ ಕಾರ್ನಾಡರು ನಿರ್ದೇಶಿಸಿದ 'ಉತ್ಸವ್' 1984. ಎಡಗಡೆಯ ಗಳಿಕೆ ಬಲಗಡೆಗೆ ಹರಿದದ್ದು ಆಗ ಕಾಣುತ್ತದೆ. ಹೆಂಡತಿ ಜೆನಿಫರ್ ಜೊತೆ ಮುಂಬೈನ ಜುಹುವಿನಲ್ಲಿ ಪೃಥ್ವಿ ಥಿಯೇಟರ್ ತೆರೆದದ್ದೂ 1978ರಲ್ಲೇ. ಅದಕ್ಕೆ ನೀನು ಕೊಟ್ಟದ್ದು ಅರ್ಧ ವಾಕ್ಯ!

ಇಲ್ಲೊಂದು ಎಚ್ಚರ. ಚಿತ್ರಗಳಿಗೆ ಕೊಟ್ಟವೆಲ್ಲ ಬಿಡುಗಡೆಯ ವರ್ಷಗಳು. ಆಗ ಚಿತ್ರೀಕರಣ ವರ್ಷಗಟ್ಟಲೆ ಎಳೆಯುತ್ತಿತ್ತು, ಶಶಿ ಒಂದೇ ದಿನ ಹಲವು ಶಿಫ್ಟ್‌ಗಳಿಗೆ ಓಡುತ್ತಿದ್ದರು. ಅಣ್ಣ ರಾಜ್ ಈ ತಮ್ಮನನ್ನು 'ಟ್ಯಾಕ್ಸಿ' ಎಂದದ್ದು ಅದಕ್ಕೇ. ಹಾಗಾಗಿ ಬಿಡುಗಡೆಯ ವರ್ಷ ಹಿಡಿದು 'ಈ ಹೊತ್ತಿಗೆ ನಟನೆ ಮಾಗಿತ್ತು' ಎಂದರೆ ದಾರಿ ತಪ್ಪುತ್ತೀಯ.

ಇನ್ನು ಆ 'ಮುದ್ದು ನಗು'. ಹನ್ನೊಂದು ಕಡೆ ಬಂದಿದೆ, ಮಾರಾಯ! ಎಲ್ಲ ಹೊಡೆದುಹಾಕಿ 'ದೀವಾರ್'ನ ಸೇತುವೆ ದೃಶ್ಯ ಹಾಕಿಕೋ. ಮೊದಲ ಸಲ ಶಬ್ದ ಬೇಡ. ಅಮಿತಾಭ್ ತಮ್ಮ ಆಸ್ತಿ ಎಣಿಸುತ್ತಿರುವಾಗ ಶಶಿಯ ಮುಖವನ್ನಷ್ಟೇ ನೋಡು. ಎರಡನೇ ಸಲ ಕಣ್ಣು ಮುಚ್ಚಿ ಕೇಳು. ಅಷ್ಟುದ್ದದ ಅಬ್ಬರಕ್ಕೆ ನಾಲ್ಕೇ ಪದದ ಉತ್ತರ, 'ಮೇರೇ ಪಾಸ್ ಮಾ ಹೈ' (ನನ್ನ ಹತ್ತಿರ ಅಮ್ಮ ಇದ್ದಾಳೆ), ಅದೂ ದನಿ ಏರಿಸದೆ. ವಯಸ್ಸಿನಲ್ಲಿ ಅಮಿತಾಭ್‌ಗಿಂತ ನಾಲ್ಕು ವರ್ಷ ದೊಡ್ಡವರು ತಮ್ಮನಾಗಿ ನಿಂತು ಎದುರಿನವರಿಗೆ ಜಾಗ ಬಿಟ್ಟುಕೊಟ್ಟ ಬಗೆಯನ್ನು ಬರೆ. ಕಂಡದ್ದನ್ನು ಕಂಡಷ್ಟೇ ಬರೆ. ಹೊಗಳಿಕೆ ಓದುಗನ ಪಾಲಿನ ಕೆಲಸ.

ರಾಷ್ಟ್ರಪ್ರಶಸ್ತಿ ತಂದುಕೊಟ್ಟ 'ನ್ಯೂ ಡೆಲ್ಲಿ ಟೈಮ್ಸ್' ಹೆಸರನ್ನೇ ಎತ್ತಿಲ್ಲವಲ್ಲ, ಯಾಕೆ? ಅದರಲ್ಲಿ ಪತ್ರಿಕಾ ಸಂಪಾದಕನ ಪಾತ್ರ. ಹುಡುಕಿ ನೋಡು.

1984ರಲ್ಲಿ ಜೆನಿಫರ್ ತೀರಿಕೊಂಡದ್ದರ ಬಗೆಗಿನ ಪ್ಯಾರಾ ಓದಿ ಸುಮ್ಮನೆ ಕೂತುಬಿಟ್ಟೆ. ಒಂದು ವಿಶೇಷಣವೂ ಇಲ್ಲ ಅಲ್ಲಿ. ನಿನಗೆ ಬರೆಯಲು ಬರುತ್ತದೆ ಕಣೋ. ಅದನ್ನು ಮುಟ್ಟಬೇಡ. ಆ ಮೂರು ಪುಟ ಕಿತ್ತುಹಾಕಿ, 1961ರ 'ಧರ್ಮಪುತ್ರ'ದಿಂದ ಶುರುಮಾಡಿ ಮತ್ತೆ ಕಳಿಸು.